ಹತ್ತು ಗುಂಟೆ ಜರ್ಬೆರಾ: ಕೈಗೆ ಎಷ್ಟು ಉಳಿಯುತ್ತೆ?

ಪ್ರಶ್ನೆ: ನಮ್ಮದು ಗೌರಿಬಿದನೂರು ಕಡೆ ಎರಡೂವರೆ ಎಕರೆ. ಒಂದು ಬೋರ್‌ವೆಲ್ ಇದೆ, ಸದ್ಯಕ್ಕೆ ನೀರಿದೆ. ಬೆಂಗಳೂರಲ್ಲಿ ಕೆಲಸದಲ್ಲಿದ್ದ ಮಗ ಊರಿಗೆ ವಾಪಸ್ ಬಂದಿದ್ದಾನೆ. ಒಂದು ಎಕರೆ ಪಾಲಿಹೌಸ್, ಅಂದರೆ ಪ್ಲಾಸ್ಟಿಕ್ ಶೀಟು ಹೊದಿಸಿದ ಶೆಡ್ಡು ಹಾಕಿ, ಮದುವೆ ಸ್ಟೇಜಿಗೆ ಕಟ್ಟುವ ಜರ್ಬೆರಾ ಹೂವು ಬೆಳೆಯುತ್ತೀನಿ ಅಂತಾನೆ. ಪಾಲಿಹೌಸ್ ಕಟ್ಟಿಕೊಡುವವರು ಮನೆಗೇ ಬಂದು, ವರ್ಷಕ್ಕೆ 15 ಲಕ್ಷ ಲಾಭ ಅಂತ ಒಂದು ಹಾಳೆಯಲ್ಲಿ ಲೆಕ್ಕ ಬರೆದುಕೊಟ್ಟು ಹೋದರು. ಅರ್ಧ ಸಬ್ಸಿಡಿ ಬರುತ್ತಂತೆ. ಉಳಿದದ್ದಕ್ಕೆ ಜಮೀನು ಅಡ ಇಟ್ಟು ಸಾಲ ಮಾಡಬೇಕು. ನನಗೆ ಭಯ ಆಗ್ತಿದೆ. ಹೂವಲ್ಲಿ ನಿಜವಾಗಿ ಎಷ್ಟು ಉಳಿಯುತ್ತೆ ಸರ್?

ಉತ್ತರ: ಅಮ್ಮಾ, ನೀವು ಆ ಹಾಳೆಯ ಫೋಟೋ ಕಳಿಸಿದ್ದು ಒಳ್ಳೆಯದಾಯಿತು. ಇಂಥ ಹಾಳೆಗಳನ್ನು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಕಡೆಯ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಎಲ್ಲಾ ಹಾಳೆಯಲ್ಲೂ ಲೆಕ್ಕ ಒಂದೇ. ಎಕರೆಗೆ 24,000 ಗಿಡ. ಗಿಡಕ್ಕೆ ವರ್ಷಕ್ಕೆ 40 ಹೂವು. ಅಂದರೆ 9,60,000 ಹೂವು. ಒಂದಕ್ಕೆ 4 ರೂಪಾಯಿ ಹಾಕಿದರೆ 38 ಲಕ್ಷ ಚಿಲ್ಲರೆ. ಖರ್ಚು 23 ಲಕ್ಷ ಕಳೆದರೆ 15 ಉಳಿಯಿತು.

ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ 9,60,000ವನ್ನು 365ರಿಂದ ಭಾಗಿಸಿ ನೋಡಿ. ದಿನಕ್ಕೆ 2,600 ಹೂವು, ಅಂದರೆ ಹತ್ತತ್ತರ 260 ಕಟ್ಟು. ಭಾನುವಾರ, ಬಂದ್ ದಿನ, ಮಳೆ ದಿನ, ಮನೆಯಲ್ಲಿ ಯಾರಿಗೋ ಜ್ವರ ಬಂದ ದಿನ, ಎಲ್ಲಾ ಸೇರಿ. ಆಷಾಢದ ಒಂದು ಮಂಗಳವಾರ ಆ 260 ಕಟ್ಟನ್ನು ಕೊಳ್ಳುವವರು ಯಾರು? ಹಾಳೆಯಲ್ಲಿ ಅದಕ್ಕೆ ಜಾಗ ಇಲ್ಲ.

ಜರ್ಬೆರಾ ನಿಲ್ಲಿಸಲು ಬರುವುದಿಲ್ಲ, ಮೊದಲು ಇದು ತಿಳಿದಿರಬೇಕು. ನೆಟ್ಟು ಎರಡೂವರೆ–ಮೂರು ತಿಂಗಳಿಗೆ ಹೂ ಶುರುವಾಗುತ್ತೆ. ಆಮೇಲೆ ಸುಮಾರು ಮೂರು ವರ್ಷ ಗಿಡ ಹೂ ಬಿಡುತ್ತಲೇ ಇರುತ್ತೆ. ರೇಟಿಲ್ಲ ಅಂತ ಕೀಳದೆ ಬಿಟ್ಟರೆ ಹೂವು ಗಿಡದ ಮೇಲೇ ಕೊಳೆತು ಬೂಷ್ಟು ಹಿಡಿಯುತ್ತೆ, ಗಿಡದ ಶಕ್ತಿಯನ್ನೂ ಎಳೆದುಕೊಳ್ಳುತ್ತೆ. ಹಾಗಾಗಿ ತಿಪ್ಪೆಗೆ ಎಸೆಯುವುದಕ್ಕೂ ಕೂಲಿ ಕೊಟ್ಟೇ ಕೀಳಿಸಬೇಕು. ಒಂದು ಆಷಾಢದಲ್ಲಿ ನನ್ನ ಪರಿಚಯದ ಶೆಡ್ಡಿಗೆ ಬೆಳಗ್ಗೆ ಆರಕ್ಕೆ ಹೋಗಿದ್ದೆ. ಇಬ್ಬರು ಹೆಂಗಸರು ಸಾಲು ಹಿಡಿದು ಕೀಳುತ್ತಿದ್ದರು. ಕೆಂಪು, ಹಳದಿ, ಬಿಳಿ, ಒಂದೊಂದೂ ಅಂಗೈ ಅಗಲ, ಒಂದು ಕಲೆ ಇಲ್ಲ. ಬಕೆಟ್ಟು ಬಾಗಿಲ ಹತ್ತಿರ ಬಂತು. ಯಜಮಾನರು ಫೋನಲ್ಲಿ ರೇಟು ಕೇಳಿದರು. ಕಟ್ಟಿಗೆ 6 ರೂಪಾಯಿ ಅಂತ ಆಚೆಯಿಂದ. ಹತ್ತು ಹೂವಿಗೆ ಕವರ್ ಹಾಕಿ, ಕಟ್ಟು ಕಟ್ಟಿ, ಬಾಕ್ಸಿಗೆ ಸೇರಿಸಿ ಬೆಂಗಳೂರು ಮುಟ್ಟಿಸಲಿಕ್ಕೇ ಅದಕ್ಕಿಂತ ಜಾಸ್ತಿ ಆಗುತ್ತೆ. ಅವರು ಏನೂ ಮಾತಾಡಲಿಲ್ಲ. ಬಕೆಟ್ಟನ್ನು ಎತ್ತಿಕೊಂಡು ಹೋಗಿ ಗುಂಡಿಗೆ ಸುರಿದು, ಖಾಲಿ ಬಕೆಟ್ಟು ತೊಳೆದಿಟ್ಟರು.

ಅದೇ ಶೆಡ್ಡಿನ ಅದೇ ಹೂವು ನವೆಂಬರ್ ಮದುವೆ ಸಮಯದಲ್ಲಿ ಕಟ್ಟು 80, 100 ಹೋಗಿದ್ದೂ ಉಂಟು. ನಿಮ್ಮ ಮನೆಗೆ ಬಂದವರು ಆ ದಿನದ ಬಿಲ್ ತೋರಿಸುತ್ತಾರೆ. ಸುಳ್ಳು ಬಿಲ್ ಅಲ್ಲ. ಆದರೆ ಒಂದು ದಿನದ ಬಿಲ್.

ಆದ್ದರಿಂದ ಯಾವ ಬೆಳೆಗಾರರನ್ನು ಭೇಟಿ ಮಾಡಿದರೂ ಇವತ್ತಿನ ರೇಟು ಕೇಳಬೇಡಿ. ‘ಹೋದ ವರ್ಷ ಒಟ್ಟು ಎಷ್ಟು ಹೂ ಕಿತ್ತಿರಿ, ಒಟ್ಟು ಎಷ್ಟು ದುಡ್ಡು ಬಂತು’ ಅಂತ ಎರಡೇ ಪ್ರಶ್ನೆ ಕೇಳಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ತಿಪ್ಪೆಗೆ ಹೋದ ಹೂವೂ ಆ ಲೆಕ್ಕದಲ್ಲಿ ಬರಬೇಕು. ಅದೇ ನಿಜವಾದ ಸರಾಸರಿ.

ಈಗ ಲೆಕ್ಕಕ್ಕೆ ಬರೋಣ. ಒಂದು ಎಕರೆ ಬಿಡಿ, ಹತ್ತು ಗುಂಟೆ ತೆಗೆದುಕೊಳ್ಳೋಣ. ಹತ್ತು ಗುಂಟೆ ಅಂದರೆ ಸುಮಾರು 1,000 ಚದರ ಮೀಟರ್. ಚದರ ಮೀಟರಿಗೆ ಆರು ಗಿಡದಂತೆ 6,000 ಗಿಡ. ಕಂಪನಿಯವರು ಚದರ ಮೀಟರಿಗೆ 240 ಹೂವು ಹೇಳುತ್ತಾರೆ. ಕೈ ಪಳಗಿದವರು ತೆಗೆಯುತ್ತಾರೆ ಕೂಡ. ಹೊಸಬರು, ಅದೂ ಮಾರುವಂಥ ಹೂವು ಮಾತ್ರ ಅಂದರೆ, ನಾನು 180 ಹಿಡಿಯುತ್ತೇನೆ. ವರ್ಷಕ್ಕೆ 1,80,000 ಹೂವು, ದಿನಕ್ಕೆ 500ರ ಹತ್ತಿರ. ಇಷ್ಟನ್ನು ನಿಮ್ಮ ಮಗ ಬೈಕಿನಲ್ಲೇ ಬಸ್‌ಸ್ಟ್ಯಾಂಡಿಗೆ ಮುಟ್ಟಿಸಬಹುದು.

ಖರ್ಚು ನನ್ನ ಅಂದಾಜಿನಲ್ಲಿ ಹೀಗೆ. ನಿಮ್ಮೂರಿನ ಕೂಲಿ ಬೇರೆ ಇದ್ದರೆ ಬದಲಾಯಿಸಿಕೊಳ್ಳಿ. ನೀರಲ್ಲಿ ಕರಗುವ ಗೊಬ್ಬರ ವರ್ಷಕ್ಕೆ 65,000. ಔಷಧಿ 60,000. ಥ್ರಿಪ್ಸ್, ಮೈಟ್ಸ್, ಬಿಳಿನೊಣದಂಥ ಕೀಟಗಳು ವರ್ಷದಲ್ಲಿ ಯಾವಾಗಲಾದರೂ ಬರುವವೇ. ಹೂವಿಗೆ ಕವರ್, ರಬ್ಬರ್, ಬಾಕ್ಸು ಸೇರಿ 40 ಪೈಸೆಯಂತೆ 72,000. ಸಾಗಾಟ 45,000. ರಿಪೇರಿ, ಇತರೆ 20,000. ಖಾಯಂ ಆಳು ಒಬ್ಬರು, ತಿಂಗಳಿಗೆ 15,000ದಂತೆ 1,80,000. ಎರಡನೇ ಆಳು ನಿಮ್ಮ ಮಗನೇ, ಅವನಿಗೆ ಸಂಬಳ ಹಾಕಿಲ್ಲ. ಎಲ್ಲಾ ಸೇರಿ 4,42,000. ಕರೆಂಟಿಗೆ ಏನೂ ಹಾಕಿಲ್ಲ, ನಮ್ಮಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ಅಲ್ವಾ.

ಕಮಿಷನ್ ಶೇಕಡ 10 ಹಿಡಿಯೋಣ. ಸರಾಸರಿ ಹೂವಿಗೆ ಎರಡೂವರೆ ರೂಪಾಯಿ ಸಿಕ್ಕರೆ ಬರುವುದು 4,50,000, ಕಮಿಷನ್ ಹೋಗಿ 4,05,000. ಅಂದರೆ 37,000 ಕೈಯಿಂದ ಹಾಕಬೇಕು. ಮೂರು ರೂಪಾಯಿ ಸಿಕ್ಕರೆ 44,000 ಉಳಿಯುತ್ತೆ. ನಾಲ್ಕು ಸಿಕ್ಕರೆ 2,06,000. ಐದು ಸಿಕ್ಕರೆ 3,68,000. ನೋಡಿದಿರಾ, ಒಂದೇ ರೂಪಾಯಿ ಆಚೆಈಚೆ ಆದರೆ ಒಂದೂವರೆ ಲಕ್ಷಕ್ಕೂ ಜಾಸ್ತಿ ವ್ಯತ್ಯಾಸ. ಗೊಬ್ಬರದಲ್ಲಿ ಎಷ್ಟೇ ಹಿಡಿತ ಮಾಡಿದರೂ ಈ ವ್ಯತ್ಯಾಸ ತುಂಬುವುದಿಲ್ಲ. ಆದರೂ ನಮ್ಮ ಹುಡುಗರು ಗೊಬ್ಬರದ ಬಗ್ಗೆ ವಾಟ್ಸ್ಯಾಪಲ್ಲಿ ರಾತ್ರಿಯೆಲ್ಲಾ ಚರ್ಚೆ ಮಾಡುತ್ತಾರೆ, ಯಾರಿಗೆ ಮಾರುವುದು ಅಂತ ಹೂ ಬಂದ ಮೇಲೆ ಯೋಚನೆ ಮಾಡುತ್ತಾರೆ.

ಇಷ್ಟಕ್ಕೇ ಮುಗಿಯಲಿಲ್ಲ. ಗಿಡಕ್ಕೆ ಮೂರು ವರ್ಷ ಆಯಸ್ಸು. ಲ್ಯಾಬಿನಲ್ಲಿ ಬೆಳೆಸಿದ ಟಿಶ್ಯೂ ಕಲ್ಚರ್ ಸಸಿ ಒಂದಕ್ಕೆ 35 ರೂಪಾಯಿ ಹಿಡಿದರೆ 6,000 ಗಿಡಕ್ಕೆ 2,10,000. ಅದರಲ್ಲಿ ತಳಿ ಕಂಪನಿಯ ರಾಯಲ್ಟಿಯೂ ಸೇರಿದೆ. ವರ್ಷಕ್ಕೆ 70,000 ಎತ್ತಿಡಬೇಕು. ಮೇಲಿನ 200 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಶೀಟು ನಾಲ್ಕು ವರ್ಷಕ್ಕೆ ಮಂಕಾಗುತ್ತೆ, ಬೆಳಕು ಕಮ್ಮಿಯಾದರೆ ಹೂ ಕಮ್ಮಿ. ಶೀಟು, ಅಕ್ಕಪಕ್ಕದ ಬಲೆ, ಕೂಲಿ ಸೇರಿ ಲಕ್ಷ ಅಂದುಕೊಂಡರೆ ವರ್ಷಕ್ಕೆ 25,000. ಈ 95,000ವನ್ನು ಬೇರೆ ಖಾತೆಗೆ ಹಾಕದೆ ‘ಲಾಭ’ ಅಂತ ಖರ್ಚು ಮಾಡಿದವರು ನಾಲ್ಕನೇ ವರ್ಷ ಒಟ್ಟಿಗೇ ಮುಗ್ಗರಿಸುತ್ತಾರೆ. ಊರೂರಲ್ಲಿ ಹರಿದ ಶೀಟು ಪಟಪಟ ಹೊಡೆದುಕೊಳ್ಳುವ ಖಾಲಿ ಪಾಲಿಹೌಸ್ ಕಾಣುತ್ತವಲ್ಲ, ಬಹಳಷ್ಟರ ಕಥೆ ಇದೇ.

ಸಬ್ಸಿಡಿ ವಿಷಯ. ಕೇಂದ್ರ ಸರ್ಕಾರದ ತೋಟಗಾರಿಕೆ ಮಿಷನ್ನಿನ 2014ರ ಮಾರ್ಗಸೂಚಿಯಲ್ಲಿ ಸುಮಾರು ಹತ್ತು ಗುಂಟೆಯ ಪಾಲಿಹೌಸಿಗೆ ಚದರ ಮೀಟರಿಗೆ 935 ರೂಪಾಯಿ ಅಂತ ದರ ಕಟ್ಟಿದ್ದರು, ಒಂದು ಎಕರೆ ಹತ್ತಿರದ್ದಕ್ಕೆ 844. ಜರ್ಬೆರಾ ಗಿಡ ಮತ್ತು ಬೇಸಾಯಕ್ಕೆ 610. ಇವುಗಳಲ್ಲಿ ಅರ್ಧ ಸಬ್ಸಿಡಿ. ಆಮೇಲೆ ದರ ಪರಿಷ್ಕರಣೆ ಆಗಿದೆ. ಈ ವರ್ಷದ ದರ, ಎಷ್ಟು ಜಾಗದವರೆಗೆ ಕೊಡುತ್ತಾರೆ, ನಿಮ್ಮ ತಾಲ್ಲೂಕಿಗೆ ಕೊಟ್ಟ ಗುರಿಯಲ್ಲಿ ಇನ್ನೂ ಜಾಗ ಉಳಿದಿದೆಯೇ ಅನ್ನುವುದನ್ನು ತಾಲ್ಲೂಕು ತೋಟಗಾರಿಕೆ ಕಚೇರಿಯಲ್ಲೇ ಕೇಳಿ, ಕಟ್ಟಿಕೊಡುವವರ ಬಾಯಿಂದ ಬೇಡ. ಇಲ್ಲಿ ಒಂದು ಮಾತು. ಅರ್ಧ ಅಂದರೆ ನಿಮ್ಮ ಕೊಟೇಶನ್ನಿನ ಅರ್ಧ ಅಲ್ಲ, ಸರ್ಕಾರ ಕಟ್ಟಿದ ದರದ ಅರ್ಧ. ಕೊಟೇಶನ್ 1,200 ಇದ್ದು ದರ 935 ಇದ್ದರೆ ನಿಮಗೆ ಬರುವುದು 467. ಅದೂ ಕಟ್ಟಿ, ತಪಾಸಣೆ ಆದ ಮೇಲೆ. ಅಲ್ಲಿಯವರೆಗಿನ ಬಡ್ಡಿ ನಿಮ್ಮದು.

ಹತ್ತು ಗುಂಟೆಗೆ ಕಟ್ಟಡ 12 ಲಕ್ಷ, ಮಡಿ, ಡ್ರಿಪ್, ಮಂಜಿನಂತೆ ನೀರು ಚಿಮ್ಮಿಸುವ ಫಾಗರ್, ಗಿಡ ಸೇರಿ 5 ಲಕ್ಷ. ಒಟ್ಟು 17. ಹಳೇ ದರದಲ್ಲೇ ಲೆಕ್ಕ ಹಾಕಿದರೂ ಏಳೂವರೆ ಲಕ್ಷದ ಮೇಲೆ ಸಬ್ಸಿಡಿ. ಉಳಿದದ್ದು 9 ಲಕ್ಷದ ಚಿಲ್ಲರೆ. ಅದಷ್ಟನ್ನೂ ಸಾಲ ಮಾಡಿ ಶೇಕಡ 10 ಬಡ್ಡಿ ಕಟ್ಟಿದರೆ ಮೊದಲ ವರ್ಷ ಬಡ್ಡಿಯೇ 90,000. ಈಗ ಮೇಲಿನ ಲೆಕ್ಕಕ್ಕೆ ಇದನ್ನು ಸೇರಿಸಿ. ಸರಾಸರಿ ನಾಲ್ಕು ರೂಪಾಯಿ ಸಿಕ್ಕ ವರ್ಷವೂ ಎಲ್ಲಾ ಕಳೆದು 20,000ದಷ್ಟು ಉಳಿಯುತ್ತೆ. ನಿಮ್ಮ ಮಗ ವರ್ಷವಿಡೀ ದುಡಿದಿದ್ದಕ್ಕೆ ಅಷ್ಟು, ಸಾಲದ ಅಸಲು ಇನ್ನೂ ಹಾಗೇ ಇದೆ. ಐದು ಸಿಕ್ಕರೆ 1,83,000. ಸಾಲವೇ ಇಲ್ಲದಿದ್ದರೆ ನಾಲ್ಕರಲ್ಲೂ ಲಕ್ಷದ ಮೇಲೆ ಉಳಿಯುತ್ತಿತ್ತು. ಜರ್ಬೆರಾದಲ್ಲಿ ದುಡ್ಡು ಮಾಡಿದವರನ್ನು ನಾನು ನೋಡಿದ್ದೇನೆ. ಹೆಚ್ಚಿನವರು ಸಾಲ ಕಮ್ಮಿ ಇಟ್ಟುಕೊಂಡವರು, ಮನೆಯವರೇ ಕೀಳುವವರು, ಇಬ್ಬರು ಮೂವರು ಡೆಕೊರೇಟರ್‌ಗಳಿಗೆ ವರ್ಷಪೂರ್ತಿ ಒಂದೇ ರೇಟಿಗೆ ಕೊಡುವವರು.

ರೇಟು ಏರಿಳಿಯುವುದು ಯಾಕೆ ಅನ್ನುವುದಕ್ಕೆ ಪಂಚಾಂಗ ನೋಡಿ, ತಮಾಷೆಗೆ ಹೇಳುತ್ತಿಲ್ಲ. ಜರ್ಬೆರಾ ದೇವರಿಗೆ ಏರುವ ಹೂವಲ್ಲ, ಮುಡಿಯುವ ಹೂವೂ ಅಲ್ಲ. ಕನಕಾಂಬರ, ಸೇವಂತಿಗೆಗೆ ಶ್ರಾವಣ ಬಂದರೆ ಹಬ್ಬ. ಜರ್ಬೆರಾಕ್ಕೆ ಬೇಕಾಗಿರುವುದು ಮದುವೆ, ರಿಸೆಪ್ಷನ್ ಸ್ಟೇಜು. ಆಷಾಢದಲ್ಲಿ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಉತ್ತರ ಭಾರತದಲ್ಲಿ ಚಾತುರ್ಮಾಸ ಮುಗಿಯುವವರೆಗೆ ಮದುವೆ ಕಮ್ಮಿ, ಅಲ್ಲಿಗೆ ಹೋಗುವ ಹೂವೂ ನಿಲ್ಲುತ್ತೆ. ಇದರ ಮೇಲೆ ಗುರು, ಶುಕ್ರರ ಅಸ್ತ ಬೇರೆ. 2024ರ ಮೇ–ಜೂನ್‌ನಲ್ಲಿ ಶುಕ್ರ ಅಸ್ತನಾಗಿದ್ದ, ನಡುವೆ ಗುರುವೂ. ಮುಹೂರ್ತವೇ ಇಲ್ಲ ಅಂತ ಎಷ್ಟೋ ಮದುವೆ ಮುಂದಕ್ಕೆ ಹೋದವು. ಗಿಡಕ್ಕೆ ಅಸ್ತ ಗೊತ್ತಿಲ್ಲ, ಅದು ಬಿಡುತ್ತಲೇ ಇತ್ತು. ಈಗ ಪ್ಲಾಸ್ಟಿಕ್ ಹೂವಿನ ಕಾಟ ಬೇರೆ. ಒಂದೇ ಸಲ ಕೊಂಡು ಐವತ್ತು ಮದುವೆಗೆ ಕಟ್ಟುತ್ತಾರೆ. ಅದನ್ನು ನಿಷೇಧಿಸಿ ಅಂತ ಬೆಳೆಗಾರರು ವರ್ಷಗಳಿಂದ ಕೇಳುತ್ತಿದ್ದಾರೆ.

ಪಾಲಿಹೌಸಿನಲ್ಲಿ ಬೆಳೆಯುವ ಉದ್ದ ಕಡ್ಡಿಯ ಡಚ್ ಗುಲಾಬಿ ಹಾಕಬಹುದಲ್ಲಾ ಅಂತ ನಿಮ್ಮ ಮಗ ಕೇಳುತ್ತಾನೆ. ನಮ್ಮ ಕಡೆ ಹೆಚ್ಚು ತಾಜ್‌ಮಹಲ್ ತಳಿ. ಗಿಡ ಐದಾರು ವರ್ಷ ಬರುತ್ತೆ, ಕಿತ್ತ ಹೂವನ್ನು ಕೋಲ್ಡ್ ಸ್ಟೋರೇಜಲ್ಲಿ ನಾಲ್ಕು ದಿನ ಇಡಲೂ ಬರುತ್ತೆ. ಆದರೆ ಪ್ರೇಮಿಗಳ ದಿನದ ಆಸೆ ಜೂಜಿನ ಹಾಗೆ. ಫೆಬ್ರವರಿ 14ಕ್ಕೆ ಹೂ ಬೇಕು ಅಂದರೆ ಡಿಸೆಂಬರ್ ನಡುವಲ್ಲೇ ಗಿಡದ ಟೊಂಗೆ ಕತ್ತರಿಸಬೇಕು, ಅಲ್ಲಿಂದ ಹೂ ಬರಲು ಸುಮಾರು 50 ದಿನ. ಹೊರದೇಶಕ್ಕೆ ಹೋಗುವ ಹೂವಾದರೆ ಫೆಬ್ರವರಿ ಮೊದಲ ವಾರದ ಹೊತ್ತಿಗೇ ಕಿತ್ತಿರಬೇಕು. ಜನವರಿಯಲ್ಲಿ ಚಳಿ ಎರಡು ಡಿಗ್ರಿ ಜಾಸ್ತಿ ಬಿದ್ದರೆ ಮೊಗ್ಗು ನಿಧಾನ. ಹದಿನಾರನೇ ತಾರೀಖು ಶೆಡ್ ತುಂಬ ಕೆಂಪು ಹೂವು ಅರಳಿ ನಿಂತಿದ್ದು ನೋಡಿದ್ದೇನೆ. ಅಷ್ಟು ಚಂದದ, ಅಷ್ಟು ಬೇಸರದ ದೃಶ್ಯ ಬೇರೆ ಇಲ್ಲ. ರಫ್ತಿನಲ್ಲಿ ನಮಗೆ ಎದುರು ಕೀನ್ಯಾ ಇದೆ. ಸಮಭಾಜಕದ ಮೇಲಿನ ಎತ್ತರದ ಜಾಗ, ವರ್ಷಪೂರ್ತಿ ಬಿಸಿಲು, ರಾತ್ರಿ ತಂಪು, ಉದ್ದ ಕಡ್ಡಿ, ದಪ್ಪ ಮೊಗ್ಗು. ಹಾಗಂತ ಅಲ್ಲಿಗೆ ಹೋದವರೆಲ್ಲಾ ಗೆದ್ದರು ಅಂತಲೂ ಅಲ್ಲ. ಬೆಂಗಳೂರಿನ ಕರುತುರಿ ಕಂಪನಿ 2007ರಲ್ಲಿ ನೈವಾಷಾ ಸರೋವರದ ಹತ್ತಿರದ ದೊಡ್ಡ ತೋಟ ಕೊಂಡು ಜಗತ್ತಿನ ಅತಿ ದೊಡ್ಡ ಗುಲಾಬಿ ಬೆಳೆಗಾರ ಅನ್ನಿಸಿಕೊಂಡಿತ್ತು. 2014ರಲ್ಲಿ ಆ ತೋಟ ಸಾಲ ಕೊಟ್ಟ ಬ್ಯಾಂಕು ವಸೂಲಿಗಾಗಿ ನೇಮಿಸಿದ ರಿಸೀವರ್ ಕೈಗೆ ಹೋಯಿತು.

ಮಾರುವುದು ಎಲ್ಲಿ? ಹೆಬ್ಬಾಳದ ಅಂತಾರಾಷ್ಟ್ರೀಯ ಪುಷ್ಪ ಹರಾಜು ಕೇಂದ್ರಕ್ಕೆ ಮಗನ ಜೊತೆ ನೀವೂ ಒಂದು ಬೆಳಗ್ಗೆ ಹೋಗಿ ಬನ್ನಿ. ಅಲ್ಲಿ ಹರಾಜು ಉಲ್ಟಾ, ಹಾಲೆಂಡಿನ ಪದ್ಧತಿ. ರೇಟು ಮೇಲಿಂದ ಕೆಳಕ್ಕೆ ಇಳಿಯುತ್ತಾ ಬರುತ್ತೆ, ಮೊದಲು ಗುಂಡಿ ಒತ್ತಿದವರಿಗೆ ಹೂವು. ಕೆ.ಆರ್. ಮಾರ್ಕೆಟ್ಟಿನ ಕೂಗಾಟದ ಹರಾಜು ನೋಡಿದವರಿಗೆ ಈ ಮೌನ ವಿಚಿತ್ರ ಅನ್ನಿಸುತ್ತೆ. ಉಳಿದಂತೆ ಹೈದರಾಬಾದು, ಚೆನ್ನೈ ಕಡೆಗೆ ರಾತ್ರಿ ಬಸ್ಸಿಗೆ ಬಾಕ್ಸು ಹಾಕುವವರು ಬಹಳ ಜನ. ರೇಟು ಚೆನ್ನಾಗಿ ಹೇಳುತ್ತಾರೆ, ದುಡ್ಡು ನಿಧಾನ. ನನ್ನ ಶುರುವಿನ ದಿನಗಳಲ್ಲಿ ಒಬ್ಬ ವ್ಯಾಪಾರಿಗೆ ಎರಡು ತಿಂಗಳು ಹೂ ಕಳಿಸಿದೆ. ದೀಪಾವಳಿ ಆದ ಮೇಲೆ ಅವರು ಫೋನ್ ನಂಬರೇ ಬದಲಾಯಿಸಿಬಿಟ್ಟರು. ಆಮೇಲಿಂದ ಹದಿನೈದು ದಿನದ ಬಾಕಿ ಮೀರಿದರೆ ಬಾಕ್ಸು ಕಳಿಸಿಲ್ಲ.

ಇನ್ನು ಎರಡು ಅಪಾಯ. ಒಂದು ಗಾಳಿ. ಏಪ್ರಿಲ್–ಮೇ ಸಂಜೆ ಬರುವ ಗುಡುಗಿನ ಮಳೆ ಇದೆಯಲ್ಲ, ಅದರ ಮೊದಲ ಹತ್ತು ನಿಮಿಷದ ಗಾಳಿಗೆ ಪೈಪು ಸಮೇತ ಕಿತ್ತು ಹೋಗಿದ್ದು ಎಷ್ಟೋ. ಒಂದು ಸಂಜೆ ಚೌಕಟ್ಟು ಉಳಿಸಲು ನಾನೇ ಕುಡುಗೋಲು ಹಿಡಿದು ಹೊಸ ಶೀಟನ್ನು ಉದ್ದಕ್ಕೂ ಸೀಳಿದ್ದೇನೆ. ಗಾಳಿ ಬರುವ ಕಡೆ ಸರ್ವೆ ಮರದ ಸಾಲು ಈಗಲೇ ನೆಡಿ. ಕಟ್ಟಡಕ್ಕೆ ವಿಮೆ ಮಾಡಿಸಿ. ಇನ್ನೊಂದು, ಮಾರುಕಟ್ಟೆಯೇ ಮುಚ್ಚುವುದು. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆದಾಗ ಮದುವೆ, ದೇವಸ್ಥಾನ, ವಿಮಾನ ಎಲ್ಲಾ ನಿಂತುಹೋದವು. ಮೇನಲ್ಲಿ ರಾಜ್ಯ ಸರ್ಕಾರ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಪ್ರಕಟಿಸಿತು. ಹತ್ತು ಗುಂಟೆಗೆ ಅದು 2,500 ಆಗುತ್ತೆ. ಆ ಬೇಸಿಗೆ ಬಹಳ ಜನ ಜರ್ಬೆರಾ ಕಿತ್ತು ದಪ್ಪ ಮೆಣಸಿನಕಾಯಿ ಹಾಕಿದರು. ನಿಮ್ಮ ಶೆಡ್ಡೂ ಹಾಗೆ ಬೇರೆ ಬೆಳೆಗೆ ತಿರುಗುವಂತೆ ಇರಲಿ, ಎತ್ತರ ಕಮ್ಮಿ ಮಾಡಿ ದುಡ್ಡು ಉಳಿಸಬೇಡಿ.

ಹಾಗಾದರೆ ಬೇಡವೇ? ಬೇಡ ಅನ್ನುವುದಿಲ್ಲ. ಒಂದು ಎಕರೆ ಬೇಡ, ಜಮೀನು ಅಡ ಇಡುವುದೂ ಬೇಡ. ಹತ್ತು ಗುಂಟೆಯಿಂದ ಶುರು ಮಾಡಲಿ. ಪಕ್ಕದ ಬಯಲಲ್ಲಿ ಅರ್ಧ ಎಕರೆ ಸುಗಂಧರಾಜ ಹಾಕಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಜ್ವಲ್ ತಳಿಯನ್ನು ಬಿಡಿ ಹೂವಾಗಿಯೂ ಕಡ್ಡಿಯಾಗಿಯೂ ಮಾರಬಹುದು. ಶೆಡ್ಡು ಬೇಡ, ದೇವರಿಗೂ ಆಗುತ್ತೆ, ಶ್ರಾವಣದಲ್ಲಿ ಮನೆಗೆ ದುಡ್ಡು ಬರುತ್ತೆ. ಜರ್ಬೆರಾಕ್ಕೆ ರೇಟಿಲ್ಲದ ದಿನ ಆಳಿಗೂ ಕೆಲಸ ಇರುತ್ತೆ.

ಅದಕ್ಕೂ ಮೊದಲು ಮಗನನ್ನು ಯಾರದಾದರೂ ಜರ್ಬೆರಾ ಶೆಡ್ಡಿನಲ್ಲಿ ಎರಡು ತಿಂಗಳು ಕೆಲಸಕ್ಕೆ ಬಿಡಿ, ಸಂಬಳ ಇಲ್ಲದಿದ್ದರೂ ಸರಿ. ಒಂದು ತಿಂಗಳು ಆಷಾಢದ್ದೇ ಆಗಿರಲಿ. ಹೂವನ್ನು ಕತ್ತರಿಸಬಾರದು, ಬುಡದಲ್ಲಿ ಹಿಡಿದು ಪಕ್ಕಕ್ಕೆ ಬಾಗಿಸಿ ಕೀಳಬೇಕು, ಕತ್ತರಿಸಿದ ಮೋಟು ಕೊಳೆತು ಸುಳಿಗೆ ಇಳಿಯುತ್ತೆ. ನೆಡುವಾಗ ಸುಳಿ ಮಣ್ಣಿನ ಮೇಲೇ ಇರಬೇಕು, ಒಂದು ಬೆರಳು ಒಳಗೆ ಹೋದರೂ ಗಿಡ ಹೋಯಿತು. ಇವೆಲ್ಲಾ ಕೈಗೆ ಬರಬೇಕು, ವಿಡಿಯೋ ನೋಡಿ ಬರುವುದಿಲ್ಲ.

ಮತ್ತೆ ನೀರು. ನೀವು ‘ಸದ್ಯಕ್ಕೆ ನೀರಿದೆ’ ಅಂತ ಬರೆದಿದ್ದೀರಿ. 6,000 ಗಿಡಕ್ಕೆ ದಿನಕ್ಕೆ 3,000ದಿಂದ 4,000 ಲೀಟರ್ ಬೇಕು, ಒಂದು ದಿನವೂ ತಪ್ಪುವಂತಿಲ್ಲ. ಪಾಲಿಹೌಸಿನ ಮಾಡಿನ ಮೇಲೆ ಬಿದ್ದ ಮಳೆಯನ್ನು ಹಿಡಿದರೆ, ವರ್ಷಕ್ಕೆ 700 ಮಿಲಿಮೀಟರ್ ಮಳೆ ಅಂದುಕೊಂಡರೂ, 7 ಲಕ್ಷ ಲೀಟರ್ ಸಿಗುತ್ತೆ. ವರ್ಷದ ಖರ್ಚಿನ ಅರ್ಧ ಅದರಲ್ಲೇ ಬಂತು. ಕೃಷಿ ಹೊಂಡಕ್ಕೆ ಜಾಗ ಬಿಟ್ಟೇ ಶೆಡ್ಡಿನ ನಕ್ಷೆ ಹಾಕಿಸಿ. ಬೋರ್‌ವೆಲ್ ನೀರನ್ನು ಈ ವಾರವೇ ಪರೀಕ್ಷೆಗೆ ಕೊಡಿ. ಉಪ್ಪಿನಂಶ, ಬೈಕಾರ್ಬೊನೇಟ್ ಜೊತೆ ಫ್ಲೋರೈಡ್ ಕೂಡ ನೋಡಲು ಹೇಳಿ. ನಿಮ್ಮ ಸೀಮೆಯ ಆಳದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇರುವುದು ನಿಮಗೂ ಗೊತ್ತು. ಕಿತ್ತ ಜರ್ಬೆರಾಕ್ಕೆ ಅದು ಆಗಿಬರುವುದಿಲ್ಲ. ಲೀಟರಿಗೆ ಒಂದು ಮಿಲಿಗ್ರಾಂ ಇದ್ದರೂ ಬಕೆಟ್ಟಿನಲ್ಲಿಟ್ಟ ಹೂವಿನ ಎಸಳ ತುದಿ ಸುಡುತ್ತೆ, ವ್ಯಾಪಾರಿ ‘ನಿಮ್ಮ ಹೂವು ಎರಡು ದಿನ ಬಾಳಲ್ಲ’ ಅಂತಾನೆ, ಕಾರಣ ಯಾರಿಗೂ ತಿಳಿಯುವುದಿಲ್ಲ. ಹಾಗಿದ್ದರೆ ಬಕೆಟ್ಟಿಗೆ ಮಾತ್ರ ಮಳೆ ನೀರು ಬೇರೆ ಶೇಖರಿಸಬೇಕು. ರಿಪೋರ್ಟ್ ಬಂದ ಮೇಲೆ ಅದರ ಫೋಟೋ ಕಳಿಸಿ, ಅಲ್ಲಿಯವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ.